ಫ್ಯಾನುಕ್ ಪರದೆಯಲ್ಲಿ ‘ಬಿಎಟಿ’ ಮಿನುಗುತ್ತಿದೆ, ಯಾವ ಬ್ಯಾಟರಿ ಬದಲಿಸಬೇಕು?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಲೇತ್‌ನಲ್ಲಿ ಫ್ಯಾನುಕ್ 0ಐ-ಡಿ ಕಂಟ್ರೋಲರ್ (ಮೆಷಿನ್ ನಡೆಸುವ ಕಂಪ್ಯೂಟರ್) ಇದೆ, ಪರದೆಯ ಹಿಂದೆಯೇ ಕೂತಿರುವ ಮಾದರಿ. ಕೆಳಗಿನ ಸಾಲಿನಲ್ಲಿ ‘ಬಿಎಟಿ’ ಅಂತ ಮಿನುಗುತ್ತಿದೆ. ಅಲಾರಂ ನಂಬರ್ ಯಾವುದೂ ಬಂದಿಲ್ಲ. ಮೆಷಿನ್ ಓಡುತ್ತಿದೆ, ಸೈಜ್ ಕೂಡ ಸರಿ ಬರುತ್ತಿದೆ. ರಿಸೆಟ್ ಒತ್ತಿದರೂ ಹೋಗ್ತಿಲ್ಲ. ಜೊತೆಯವರು ಡ್ರೈವ್‌ನ (ಮೋಟಾರ್ ಓಡಿಸುವ ಘಟಕದ) 6 ವೋಲ್ಟ್ ಬ್ಯಾಟರಿ ಬದಲಿಸಿ ಅಂತಾರೆ. ಪವರ್ ಆಫ್ ಮಾಡಬೇಕಾ, ಬೇಡ್ವಾ?

ಉತ್ತರ:
ಸರ್, ಸದ್ಯಕ್ಕೆ ಡ್ರೈವ್ ಮುಟ್ಟಬೇಡಿ. ಇಲ್ಲಿ ಎರಡು ಬೇರೆ ಬೇರೆ ಬ್ಯಾಟರಿಗಳಿವೆ. ‘ಬಿಎಟಿ’ ಅಂದರೆ ಕಂಟ್ರೋಲರ್ ಮೆಮೊರಿಯ 3 ವೋಲ್ಟ್ ಲಿಥಿಯಂ ಬ್ಯಾಟರಿ. ಪ್ಯಾರಾಮೀಟರ್ (ಮೆಷಿನ್ ಸೆಟ್ಟಿಂಗ್‌ಗಳು), ಪ್ರೋಗ್ರಾಂ, ಟೂಲ್ ಆಫ್‌ಸೆಟ್ (ಟೂಲ್‌ನ ಅಳತೆ ತಿದ್ದುಪಡಿ) ಎಲ್ಲವನ್ನೂ ಕಾಯುವುದು ಅದೇ. ಆಕ್ಸಿಸ್ (ಸ್ಲೈಡ್ ಚಲಿಸುವ ದಿಕ್ಕು, ಎಕ್ಸ್ ಥರದ್ದು) ಎಲ್ಲಿದೆ ಅಂತ ನೆನಪಿಡುವ ಎನ್‌ಕೋಡರ್‌ನ 6 ವೋಲ್ಟ್ ಬ್ಯಾಟರಿ ಇಳಿದರೆ ಅದೇ ಜಾಗದಲ್ಲಿ ‘ಎಪಿಸಿ’ ಅಂತ ಮಿನುಗುತ್ತದೆ. ರಿಸೆಟ್‌ಗೆ ಹೋಗದಿರುವುದು ಸಹಜ. ವೋಲ್ಟೇಜ್ ಕಡಿಮೆ ಇರುವವರೆಗೂ ಅದು ಇರುತ್ತದೆ.

ಮೊದಲು ಬ್ಯಾಕಪ್ ತೆಗೆಯಿರಿ. ಪ್ಯಾರಾಮೀಟರ್ 20ಕ್ಕೆ 4 ಕೊಟ್ಟರೆ ಡೇಟಾ ಮೆಮೊರಿ ಕಾರ್ಡ್‌ಗೆ ಹೋಗುತ್ತದೆ. ಪ್ಯಾರಾಮೀಟರ್, ಆಫ್‌ಸೆಟ್, ಪ್ರೋಗ್ರಾಂ ಮೂರನ್ನೂ ಪಂಚ್ ಮಾಡಿ (ಕಾರ್ಡ್‌ಗೆ ಕಳಿಸಿ), ಫೈಲ್ ತೆರೆದು ಒಳಗೆ ಡೇಟಾ ಇದೆಯಾ ಅಂತ ಕಣ್ಣಾರೆ ನೋಡಿಕೊಳ್ಳಿ. ಇದನ್ನು ಬಿಟ್ಟು ಮುಂದಿನ ಹೆಜ್ಜೆಗೆ ಹೋಗಲೇಬೇಡಿ.

ಆಮೇಲೆ ಬ್ಯಾಟರಿ. ನಿಮ್ಮ ಮಾದರಿಗೆ ಕ್ರಮ ಹೀಗೆ: ಪವರ್ ಕನಿಷ್ಠ 30 ಸೆಕೆಂಡ್ ಆನ್ ಇರಲಿ, ನಂತರ ಆಫ್ ಮಾಡಿ, 30 ನಿಮಿಷದೊಳಗೆ ಹಳೆಯದು ತೆಗೆದು ಹೊಸದು ಕೂರಿಸಿ. ಆ 30 ನಿಮಿಷದಲ್ಲಿ ಹೊಸ ಬ್ಯಾಟರಿ ಹುಡುಕುತ್ತಾ ಕೂರುವಂತಾಗಬಾರದು. ಕೈಯಲ್ಲಿ ಹಿಡಿದುಕೊಂಡೇ ಪವರ್ ಆಫ್ ಮಾಡಿ.

ಎನ್‌ಕೋಡರ್ ಬ್ಯಾಟರಿಯದ್ದು ಇದಕ್ಕೆ ಉಲ್ಟಾ. ಅದನ್ನು ಪವರ್ ಆನ್ ಇಟ್ಟು, ಎಮರ್ಜೆನ್ಸಿ ಒತ್ತಿ ಬದಲಿಸಬೇಕು. ಪ್ಯಾನೆಲ್ ಒಳಗೆ ಹೈ ವೋಲ್ಟೇಜ್ ಇರುತ್ತದೆ, ಹಾಗಾಗಿ ಅದು ತಿಳಿದವರ ಕೈಯಲ್ಲೇ ಆಗಲಿ.

ಪ್ರಶ್ನೆ:
ತುಂಬಾ ಥ್ಯಾಂಕ್ಸ್ ಸರ್. ಬ್ಯಾಕಪ್ ಆಯ್ತು, ಬ್ಯಾಟರಿ ಹಾಕಿದೆ, ‘ಬಿಎಟಿ’ ಹೋಯ್ತು. ಪಕ್ಕದ ಮೆಷಿನ್‌ನಲ್ಲಿ ಅಲಾರಂ 307 ಬಂದಿದೆ, ಎಕ್ಸ್ ಆಕ್ಸಿಸ್‌ಗೆ ಮಾತ್ರ. ಇದು ಎನ್‌ಕೋಡರ್ ಬ್ಯಾಟರಿಯದ್ದೇ ಅಲ್ವಾ? ಎಷ್ಟು ದಿನ ಓಡಿಸಬಹುದು?

ಉತ್ತರ:
ಹೌದು, ಅದೇ. 307 ಅಂದರೆ ಬದಲಿಸುವ ಮಟ್ಟಕ್ಕೆ ಇಳಿದಿದೆ ಅಂತ. 308 ಬಂದರೆ ಹಿಂದೆ ಯಾವಾಗಲೋ, ಪವರ್ ಆಫ್ ಇದ್ದಾಗಲೂ ಇರಬಹುದು, ವೋಲ್ಟೇಜ್ ಇಳಿದಿತ್ತು ಅಂತ ಅರ್ಥ. 306 ಬಂದರೆ ಡೇಟಾ ಉಳಿಯದಷ್ಟು ಇಳಿದಿದೆ. ದಿನ ಎಣಿಸಬೇಡಿ, ಬದಲಿಸುವವರೆಗೆ ರಾತ್ರಿಯೂ ಪವರ್ ಆಫ್ ಮಾಡಬೇಡಿ.

ಎಕ್ಸ್‌ಗೆ ಮಾತ್ರ ಬಂದಿದೆ ಅನ್ನುವುದನ್ನು ಗಮನಿಸಿ. ಒಂದೇ ಬ್ಯಾಟರಿ ಬಾಕ್ಸ್‌ನಿಂದ ಎರಡೂ ಆಕ್ಸಿಸ್‌ಗೆ ಹೋಗಿದ್ದರೆ ಸಾಮಾನ್ಯವಾಗಿ ಎರಡಕ್ಕೂ ಬರಬೇಕು. ಆಗ ಎಕ್ಸ್ ಕಡೆಯ ಕೇಬಲ್, ಕನೆಕ್ಟರ್ ಮೇಲೆ ನನಗೆ ಅನುಮಾನ ಜಾಸ್ತಿ. ಕೂಲೆಂಟ್ ಇಳಿದು ಪಿನ್ ಹಸಿರಾಗಿದೆಯಾ ನೋಡಿ. ಡ್ರೈವ್‌ಗೊಂದರಂತೆ ಬ್ಯಾಟರಿ ಇದ್ದರೆ ಎಕ್ಸ್‌ನದ್ದು ಬದಲಿಸಿದರೆ ಸಾಕು.

ಎನ್‌ಕೋಡರ್ ನೆನಪು ಅಳಿಸಿಹೋದರೆ 300 ಬರುತ್ತದೆ. ಆಗ ಆಕ್ಸಿಸನ್ನು ಗುರುತಿನ ಜಾಗಕ್ಕೆ (ಸೊನ್ನೆ ಎಣಿಸುವ ರೆಫರೆನ್ಸ್ ಜಾಗ) ತಂದು ಪ್ಯಾರಾಮೀಟರ್ 1815ರ 4ನೇ ಬಿಟ್ 1 ಮಾಡಬೇಕು. ಪ್ಯಾರಾಮೀಟರ್ ಬರೆಯಲು ಅನುಮತಿ ಕೊಟ್ಟ ತಕ್ಷಣ ಎಸ್‌ಡಬ್ಲ್ಯೂ0100 ಬರುತ್ತದೆ, ಬಿಟ್ ಬದಲಿಸಿದ ಮೇಲೆ ಪಿಡಬ್ಲ್ಯೂ0000. ಇವೆರಡಕ್ಕೆ ಹೆದರಬೇಡಿ. ಮೊದಲನೆಯದು ಅನುಮತಿ ತೆರೆದಿದೆ ಅನ್ನುತ್ತದೆ, ಎರಡನೆಯದು ಪವರ್ ಆಫ್ ಮಾಡಿ ಆನ್ ಮಾಡಿ ಅನ್ನುತ್ತದೆ. ಅನುಮತಿ ಮುಚ್ಚುವುದು ಮರೆಯಬೇಡಿ. ನಿಜವಾಗಿ ಹೆದರಬೇಕಾದದ್ದು ಗುರುತು ತಪ್ಪಾದರೆ. ಸೊನ್ನೆಯೇ ಸರಿದು ಟರೆಟ್ (ಟೂಲ್ ಹಿಡಿಯುವ ತಲೆ) ಚಕ್‌ಗೆ (ಪೀಸ್ ಹಿಡಿಯುವ ಭಾಗ) ಬಡಿಯಬಹುದು. ಮೊದಲ ಪೀಸನ್ನು ಸಿಂಗಲ್ ಬ್ಲಾಕ್‌ನಲ್ಲಿ (ಒಂದೊಂದೇ ಸಾಲು), ರ‍್ಯಾಪಿಡ್ (ವೇಗದ ಚಲನೆ) ಕಡಿಮೆ ಮಾಡಿಯೇ ಓಡಿಸಿ.

ಪ್ರಶ್ನೆ:
ಬಾಕ್ಸ್ ಒಂದೇ ಇದೆ ಸರ್. ಎಕ್ಸ್ ಕನೆಕ್ಟರ್‌ನಲ್ಲಿ ನೀವು ಹೇಳಿದ ಹಾಗೇ ಪಿನ್ ಹಸಿರಾಗಿದೆ. ಅದನ್ನು ಬಿಚ್ಚಿ ಕ್ಲೀನ್ ಮಾಡಬಹುದಾ?

ಉತ್ತರ:
ಬಿಚ್ಚಿದರೆ ಬ್ಯಾಟರಿ ಲೈನ್ ಕೂಡ ತಪ್ಪುತ್ತದೆ, 300 ಬರಬಹುದು. ಹಾಗಾಗಿ ಮೊದಲು ಎಕ್ಸ್ ಗುರುತಿನ ಜಾಗಕ್ಕೆ ತನ್ನಿ, ಸ್ಲೈಡ್ ಮೇಲೆ ಗೆರೆ ಹಾಕಿ, ಪರದೆಯ ಮೆಷಿನ್ ಪೊಸಿಷನ್ ಬರೆದಿಟ್ಟುಕೊಳ್ಳಿ. ಆಮೇಲೆ ಪವರ್ ಆಫ್ ಮಾಡಿ ಬಿಚ್ಚಿ. ಪಿನ್ ತಿಂದುಹೋಗಿದ್ದರೆ ಕ್ಲೀನ್ ಬೇಡ, ಕನೆಕ್ಟರ್ ಬದಲಿಸಿ.