ಪದಚರ್ಚೆ: ಕೋವಿಯ ವಿಷಯದಲ್ಲಿ ‘ಠೇವಣಿ’ ಸಲ್ಲದು

ಮಾನ್ಯರೇ,

ಮನೆಯ ಹೆಂಗಸನ್ನು ಹೊಡೆಯುವವರ ಕೈಯಿಂದ ಕೋವಿ ತೆಗೆಸುವ ಬಗ್ಗೆ ಬಸ್ಸಿಗೆ ಕಾಯುವವರು ಓದುವಂಥ ಫಲಕ ಹಾಕಿಸಲು, ಅದರ ಒಕ್ಕಣೆಯನ್ನು ಸಾಗರದಿಂದ ಕೇಳಿರುವ ಸಹೋದರಿಯವರಿಗೆ ಉತ್ತರ ನಾಳೆ ಸಂಜೆಯೊಳಗೆ ಬೇಕು. ಈವರೆಗೆ ಬಂದ ಮೂರು ಉತ್ತರಗಳಲ್ಲಿ ಎರಡು, ‘ಬಂದೂಕು’ ಅರಬ್ಬಿ ಮೂಲದ್ದು ಎಂಬಲ್ಲಿಗೇ ಮುಗಿದಿವೆ. ಮೂಲ ಸರಿಯಾಗಿದೆ, ಪ್ರಶ್ನೆ ಅದಲ್ಲ, ಓದುವವರ ಬಾಯಲ್ಲಿರುವ ಪದ ಯಾವುದು ಎಂಬುದು. ಮಲೆನಾಡಿನವರು ಕೋವಿ ಎನ್ನುತ್ತಾರೆ. ಫಲಕದಲ್ಲೂ ಕೋವಿಯೇ ಇರಲಿ.

ಆ ಸಹೋದರಿಯವರ ಕರಡು ಹೀಗಿದೆ: “ಕೌಟುಂಬಿಕ ದೌರ್ಜನ್ಯ ಎಸಗುವವರ ಆಯುಧ ಠೇವಣಿ ಇರಿಸಿ, ಪತ್ನಿಹತ್ಯೆ ತಡೆಯಿರಿ.” ಠೇವಣಿ ಮರಾಠಿಯಿಂದ ಬಂದದ್ದು, ಆದ್ದರಿಂದ ಬಿಡಬೇಕು ಎಂದು ಒಬ್ಬರು ಬರೆದಿದ್ದಾರೆ. ಒಪ್ಪಲಾರೆ. ಆ ಲೆಕ್ಕದಲ್ಲಿ ಅರ್ಜಿ, ಜಪ್ತಿ, ಪರವಾನಗಿ ಎಲ್ಲವನ್ನೂ ಬಿಡಬೇಕಾಗುತ್ತದೆ. ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದವರು ಬಾಯಿ ತೆರೆಯುವಂತಿಲ್ಲ. ಠೇವಣಿಯನ್ನು ಬಿಡಬೇಕಾದದ್ದು ಅದರ ಅರ್ಥಕ್ಕಾಗಿ. ಚುನಾವಣೆ ಬಂದಾಗ ಬೆಳೆರಕ್ಷಣೆಯ ಕೋವಿಯನ್ನು ಠಾಣೆಯಲ್ಲಿಟ್ಟು, ರಸೀದಿ ಪಡೆದು, ಎಲ್ಲ ಮುಗಿದ ಮೇಲೆ ಮರಳಿ ತರುವ ನಮ್ಮ ಬೆಳೆಗಾರನಿಗೆ ಠೇವಣಿ ಎಂದರೆ ಹಿಂದಿರುಗಿ ಬರುವ ಸ್ವಂತ ವಸ್ತು.

ನಾನು ತೀರ್ಥಹಳ್ಳಿಯಲ್ಲಿ ಅರ್ಜಿ ಬರೆದುಕೊಡುವವನು. ಒಮ್ಮೆ ಬಂದ ಹೆಣ್ಣುಮಗಳೊಬ್ಬರು, “ಹೊಡೆಯೋದು ಹೊಸದಲ್ಲ ಅಣ್ಣಾ, ಈಗ ಊಟಕ್ಕೆ ಕೂತವ್ರು ಗೂಟದ ಮೇಲಿರೋ ಕೋವಿ ಕಡೆ ನೋಡ್ತಾರೆ” ಎಂದಿದ್ದರು. ಕೋವಿಯನ್ನು ಠೇವಣಿ ಇಡಿಸಬೇಕೆಂದು ಬರೆದು ಓದಿ ಹೇಳಿದೆ. “ಠೇವಣಿ ಅಂದ್ರೆ ವಾಪಸ್ ಕೊಡ್ತಾರಲ್ವಾ?” ಎಂದು ಕೇಳಿದರು. ಆ ಹಾಳೆಯನ್ನು ಹರಿದು ಬೇರೆ ಬರೆದೆ.

ಠೇವಣಿಯ ಬದಲು ‘ಶರಣಾಗತಿ’ ಎಂಬ ಸಲಹೆಯೂ ಬಂದಿದೆ. ಶರಣಾಗುವುದು ಮನುಷ್ಯ, ಕೋವಿಯಲ್ಲ. ‘ಒಪ್ಪಿಸು’ ಅಚ್ಚಗನ್ನಡವಾದರೂ ಅದು ಒಪ್ಪಿಸುವವನ ಮನಸ್ಸಿಗೆ ಬಿಟ್ಟ ಮಾತಾಗುತ್ತದೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ಸಂರಕ್ಷಿಸುವ 2005ರ ಕಾಯ್ದೆಯಡಿ 2006ರಲ್ಲಿ ಬಂದ ನಿಯಮಗಳು, ನ್ಯಾಯಾಲಯ ನಿರ್ದೇಶಿಸಿದಾಗ ಆ ಕಾಯ್ದೆಯಂತೆ ನೇಮಕವಾದ ಸಂರಕ್ಷಣಾಧಿಕಾರಿಯು ಪೊಲೀಸರ ನೆರವಿನಿಂದ ದೌರ್ಜನ್ಯದಲ್ಲಿ ಬಳಕೆಯಾದ ಆಯುಧವನ್ನು ಕಿತ್ತುಕೊಳ್ಳಲು ಅವಕಾಶ ಕೊಡುತ್ತವೆ. ಇದಕ್ಕೆ ‘ವಶಪಡಿಸಿಕೊಳ್ಳು’ ಎಂಬುದೇ ಸರಿ. ಲೈಸೆನ್ಸಿನ ಮಾತು ಬೇರೆ: 1959ರ ಶಸ್ತ್ರಾಸ್ತ್ರ ಕಾಯ್ದೆಯ 17ನೇ ಕಲಮಿನಂತೆ ಪರವಾನಗಿ ಕೊಟ್ಟ ಪ್ರಾಧಿಕಾರವೇ ಅದನ್ನು ಅಮಾನತಿನಲ್ಲಿಡಬಹುದು, ರದ್ದೂ ಮಾಡಬಹುದು. ಕೋವಿಗೆ ಒಂದು ಕ್ರಿಯಾಪದ, ಕಾಗದಕ್ಕೆ ಇನ್ನೊಂದು. ಎರಡನ್ನೂ ಬೆರೆಸಿದರೆ ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುತ್ತದೆ.

‘ಪತ್ನಿಹತ್ಯೆ’ ಇಕ್ಕಟ್ಟಾದ ಪದ. ನಮ್ಮ 2005ರ ಕಾಯ್ದೆ, ಮದುವೆಯ ಸ್ವರೂಪದ ಸಂಬಂಧದಲ್ಲಿ ಒಟ್ಟಿಗೆ ಬಾಳಿದ ಹೆಂಗಸನ್ನೂ ಒಳಗೊಳ್ಳುತ್ತದೆ. ಪದ ಕಿರಿದಾದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಉದಾಹರಣೆ ಇದೆ: ಮನೆಯವರನ್ನು ಹೊಡೆದು ಶಿಕ್ಷೆಗೊಳಗಾದವನು ಕೋವಿ ಇಟ್ಟುಕೊಳ್ಳಬಾರದೆಂದು 1996ರಲ್ಲೇ ಅಲ್ಲಿ ಕಾನೂನಾಯಿತು, ಆದರೆ ಅದರ ವ್ಯಾಖ್ಯೆ ಗಂಡ, ಒಟ್ಟಿಗೆ ವಾಸಿಸುವವನು, ಮಗುವಿನ ತಂದೆ ಮುಂತಾದವರಿಗಷ್ಟೇ ನಿಂತಿದ್ದರಿಂದ, ಬೇರೆ ಮನೆಯಲ್ಲಿರುವ ಪ್ರಿಯಕರನನ್ನು ಅದು ಮುಟ್ಟಲು 2022ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಇಪ್ಪತ್ತಾರು ವರ್ಷ! ಹಾಗೆಂದು ಇಂಗ್ಲಿಷಿನ ‘ಇಂಟಿಮೇಟ್ ಪಾರ್ಟ್‌ನರ್’ ನೋಡಿ ‘ಆಪ್ತ ಸಂಗಾತಿ’ ಎನ್ನಬೇಡಿ. ಕೊಲ್ಲಲು ನಿಂತವನಿಗೆ ‘ಆಪ್ತ’ ಎಂಬ ವಿಶೇಷಣ ಕೊಡಲು ನನ್ನ ಕೈ ಏಳುವುದಿಲ್ಲ. ವರದಿಗಳಲ್ಲಿ ‘ಸಂಗಾತಿಹತ್ಯೆ’ ಇರಲಿ, ಬಸ್ಸಿಗೆ ಕಾಯುತ್ತ ಓದುವವರಿಗೆ ಬಿಡಿಸಿ ಹೇಳೋಣ.

ನನ್ನ ಒಕ್ಕಣೆ ಇದು:

“ಹೆಂಡತಿಯನ್ನು, ಜೊತೆಗೆ ಬಾಳುವವಳನ್ನು ಹೊಡೆದು ಹೆದರಿಸುವವನ ಕೈಯಲ್ಲಿ ಕೋವಿ ಇರಬಾರದು. ಕೋವಿ ವಶಪಡಿಸಿಕೊಳ್ಳಲು, ಲೈಸೆನ್ಸ್ ರದ್ದುಪಡಿಸಲು ನೀವು ಅರ್ಜಿ ಕೊಡಬಹುದು. ಮಹಿಳಾ ಸಹಾಯವಾಣಿ 181.”

ತಗಡಿನಲ್ಲಿ ಜಾಗ ಸಾಲದಿದ್ದರೆ ‘ಜೊತೆಗೆ ಬಾಳುವವಳನ್ನು’ ಎಂಬುದನ್ನು ಮಾತ್ರ ತೆಗೆಯಬೇಡಿ, ಅಕ್ಷರವನ್ನೇ ಸಣ್ಣದು ಮಾಡಿಸಿ.