ಕಣ್ಣಿಗೆ ಕಂಡದ್ದು ‘ಮಿಥ್ಯ’ ಹೇಗೆ?

ಪ್ರಶ್ನೆ (ಉಡುಪಿಯಿಂದ): ಮಗಳು ಹತ್ತನೇ ಕ್ಲಾಸು. ನಿಮ್ನ ಮಸೂರದಲ್ಲಿ ‘ಮಿಥ್ಯ ಪ್ರತಿಬಿಂಬ’ ಅಂತ ಜೋರಾಗಿ ಓದುತ್ತಿದ್ದಳು. ನಮ್ಮ ಮಾವ ಮಠದ ಪ್ರವಚನ ತಪ್ಪಿಸುವವರಲ್ಲ. “ಜಗತ್ತು ಸತ್ಯ ಅಂತ ಮಧ್ವಾಚಾರ್ಯರು ಸಾರಿದ ಊರು ಇದು. ಕಣ್ಣಿಗೆ ಕಂಡದ್ದು ಮಿಥ್ಯ ಹೇಗಾಗ್ತದೆ?” ಅಂತ ಕೇಳಿದರು. ನಮಗೆ ಉತ್ತರ ಗೊತ್ತಾಗಲಿಲ್ಲ. ಅವಳ ಕನ್ನಡಕ ಮೈನಸ್ 2. ಆ ನಂಬರಿಗೂ ಪುಸ್ತಕದ ‘ಸಂಗಮದೂರ’ಕ್ಕೂ ಸಂಬಂಧ ಉಂಟಾ ಸರ್?

ಉತ್ತರ (ಆಪ್ಟೋಮೆಟ್ರಿಸ್ಟ್): ಅಕ್ಕ, ಮಾವನವರು ಒಳ್ಳೆಯ ಪ್ರಶ್ನೆ ಕೇಳಿದ್ದಾರೆ. ವೇದಾಂತದ ಮಿಥ್ಯ ಬೇರೆ, ಬೆಳಕಿನ ಪಾಠದ್ದು ಬೇರೆ. ಕಿರಣಗಳು ನಿಜವಾಗಿ ಒಂದು ಕಡೆ ಬಂದು ಸೇರಿದರೆ ಸತ್ಯ ಪ್ರತಿಬಿಂಬ. ಸೇರದೆ, ಅಲ್ಲಿಂದಲೇ ಹೊರಟ ಹಾಗೆ ತೋರಿದರೆ ಮಿಥ್ಯ. ‘ತೋರಿಕೆಯ ಪ್ರತಿಬಿಂಬ’ ಅಂದಿದ್ದರೆ ಮಕ್ಕಳಿಗೆ ಎಷ್ಟೋ ಸುಲಭವಾಗುತ್ತಿತ್ತು. ಪರೀಕ್ಷೆಯಲ್ಲಿ ಮಾತ್ರ ಪುಸ್ತಕದ ಪದವನ್ನೇ ಬರೆಯಲಿ.

ಹಗಲು ಹೊತ್ತು ಹೀಗೆ ಮಾಡಿ. ಮನೆಯಲ್ಲಿ ಪ್ಲಸ್ 2ರ ಓದುವ ಕನ್ನಡಕ ಇದ್ದರೆ ಕಿಟಕಿಯ ಎದುರಿನ ಗೋಡೆಯ ಹತ್ತಿರ ಹಿಡಿದು ಮೆಲ್ಲ ಹಿಂದೆ ಮುಂದೆ ಸರಿಸಿ. ಗೋಡೆಯಿಂದ ಸುಮಾರು ಅರ್ಧ ಮೀಟರಿಗೆ ಬಂದಾಗ ಅಂಗಳದಾಚೆಯ ತೆಂಗಿನಮರ ತಲೆಕೆಳಗಾಗಿ ಗೋಡೆಯ ಮೇಲೆ ಮೂಡುತ್ತದೆ. ಅದು ಸತ್ಯ ಪ್ರತಿಬಿಂಬ. ಆ ಅರ್ಧ ಮೀಟರೇ ಸಂಗಮದೂರ. ಮಗಳ ಕನ್ನಡಕ ಹಿಡಿದರೆ ಗೋಡೆಯಲ್ಲಿ ಬರೀ ನೆರಳು, ಮರ ಇಲ್ಲ. ಅದನ್ನೇ ಪೇಪರಿನ ಅಕ್ಷರದ ಮೇಲೆ ಎತ್ತಿ ಹಿಡಿಯಿರಿ. ಅಕ್ಷರ ನೆಟ್ಟಗೆ, ಸಣ್ಣದಾಗಿ ಕಾಣುತ್ತದೆ. ಅದು ಮಿಥ್ಯ.

ನಂಬರ್ ಅಂದರೆ ಪುಸ್ತಕದ ‘ಮಸೂರದ ಸಾಮರ್ಥ್ಯ’, ಮಾನ ಡಯಾಪ್ಟರ್. ಒಂದನ್ನು ಮೀಟರ್ ಲೆಕ್ಕದ ಸಂಗಮದೂರದಿಂದ ಭಾಗಿಸಿ: 1 ÷ (−0.5) = −2. ಮಗಳದ್ದು ನಿಮ್ನ ಮಸೂರ, ಅದರ ಸಂಗಮದೂರಕ್ಕೆ ಮೈನಸ್ ಹಾಕುತ್ತಾರೆ.

ಇನ್ನೊಬ್ಬರು (ಮಂಗಳೂರು): ಕನ್ನಡಿಯದ್ದೂ ಮಿಥ್ಯವೇ ಅಲ್ವಾ? ಮತ್ತೆ ಅದರ ಫೋಟೊ ಹೇಗೆ ಬರ್ತದೆ?

ಉತ್ತರ: ಕನ್ನಡಿಯಿಂದ ಚದುರಿ ಬರುವ ಕಿರಣಗಳನ್ನು ಕ್ಯಾಮೆರಾದ ಮಸೂರ ಸೆನ್ಸರಿನ ಮೇಲೆ ಕೂಡಿಸುತ್ತದೆ. ಅಲ್ಲಿ ಮೂಡುವುದು ಸತ್ಯ ಪ್ರತಿಬಿಂಬ. ನಮ್ಮ ಕಣ್ಣಿನ ಒಳಗೆ ಹಿಂಬದಿಯ ಪರದೆಯಾದ ಅಕ್ಷಿಪಟಲದಲ್ಲೂ ಹಾಗೆಯೇ. ಕನ್ನಡಿಯಿಂದ 1 ಮೀಟರ್ ದೂರ ನಿಂತರೆ ನಿಮ್ಮ ಪ್ರತಿಬಿಂಬ ಕನ್ನಡಿಯ ಹಿಂದೆ ಅಷ್ಟೇ ದೂರದಲ್ಲಿ ತೋರುತ್ತದೆ, ಹಾಗಾಗಿ ಕ್ಯಾಮೆರಾ 2 ಮೀಟರಿಗೆ ಫೋಕಸ್ ಮಾಡಬೇಕು.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್ ಸರ್. ಬಾವಿಗೆ ಬಿದ್ದ ಕೊಡಪಾನ ಮೇಲೆ ಕಂಡ ಹಾಗಾಗುವುದೂ ಇದೇನಾ ಅಂತ ಮಾವ ಕೇಳ್ತಿದ್ದಾರೆ.

ಉತ್ತರ: ಹೌದು, ಅದು ವಕ್ರೀಭವನದಿಂದ, ಅಂದರೆ ನೀರಿನಿಂದ ಗಾಳಿಗೆ ಬರುವಾಗ ಬೆಳಕು ಬಾಗುವುದರಿಂದ, ಆಗುವ ಮಿಥ್ಯ ಪ್ರತಿಬಿಂಬ. ಕೊಡಪಾನ ಸತ್ಯ, ಕಂಡ ಜಾಗ ತೋರಿಕೆ. ನೀರಿನ ವಕ್ರೀಭವನ ಸೂಚ್ಯಂಕ 1.33, ಆಳವನ್ನು ಅದರಿಂದ ಭಾಗಿಸಿ. ನೇರ ಮೇಲಿನಿಂದ ನೋಡಿದರೆ 12 ಅಡಿ ನೀರು 9 ಅಡಿಯಷ್ಟೇ ಅನ್ನಿಸುತ್ತದೆ. ಪಾತಾಳಗರಡಿ ಇಳಿಸುವಾಗ ಹಗ್ಗ ಇನ್ನೂ 3 ಅಡಿ ಬಿಡಿ.