ಮೂರು ಕಡೆಯ ಮಳೆ ಲೆಕ್ಕ ಸೇರಿಸಿದರೆ ನಮ್ಮ ಮನೆಯೂ ಆಗುಂಬೆಯೂ ಒಂದೇ ಜಾಗ ಅಂತ ಬರುತ್ತಿದೆ (ಪರಿಹಾರ ಸಿಕ್ಕಿದೆ)

ಹಾಳೆಟೋಪಿ:
ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ತಾಲ್ಲೂಕು, ಅಡಿಕೆ ತೋಟ. ಮನೆಯಲ್ಲಿ 1979ರಿಂದ ಮಳೆ ಲೆಕ್ಕದ ಡೈರಿಗಳಿವೆ. ಮೊದಲು ಅಜ್ಜ ಬರೆಯುತ್ತಿದ್ದರು, ಈಗ ಅಪ್ಪಯ್ಯ. ಎಲ್ಲ ಇಂಚು, ಸೆಂಟ್ಸ್‌ನಲ್ಲಿದೆ. ಪಕ್ಕದಲ್ಲೇ ‘ಔಷಧಿ ಹೊಡೆದದ್ದು’, ‘ಕೊಳೆ ಕಂಡಿತು’ ಅಂತೆಲ್ಲ ಬರೆದಿದ್ದಾರೆ. (ಕೊಳೆ ಅಂದರೆ ಮಳೆಗಾಲದಲ್ಲಿ ಅಡಿಕೆಕಾಯಿ ಕೊಳೆತು ಉದುರುವ ರೋಗ.) ಎರಡು ವರ್ಷದಿಂದ ನಾನು ಅಂಗಳದಲ್ಲಿ ಒಂದು ಆಟೋಮ್ಯಾಟಿಕ್ ಮಳೆಮಾಪಕ ಇಟ್ಟಿದ್ದೇನೆ. ಅದು 15 ನಿಮಿಷಕ್ಕೊಮ್ಮೆ ಮಿ.ಮೀ. ಲೆಕ್ಕ ದಾಖಲಿಸುತ್ತದೆ. ಮೂರನೆಯದು ಆಗುಂಬೆಯ ದಿನದ ಮಳೆ ಪಟ್ಟಿ.

ಎಷ್ಟು ದಿನ ಬಿಡದೆ ಮಳೆ ಹಿಡಿದರೆ ಕೊಳೆ ಶುರುವಾಗುತ್ತದೆ ಅಂತ ನಮ್ಮ ತೋಟದ ಮಟ್ಟಿಗಾದರೂ ತಿಳಿಯಬೇಕು. ಅದಕ್ಕೆ ಪ್ರೊಟೆಜೆ ಅನ್ನುವ ತಂತ್ರಾಂಶದಲ್ಲಿ ಒಂದು ಸಣ್ಣ ಆಂಟಾಲಜಿ (ವಸ್ತುಗಳು, ಅವುಗಳ ಸಂಬಂಧ ಕಂಪ್ಯೂಟರಿಗೆ ತಿಳಿಯುವ ಹಾಗೆ ಬರೆದದ್ದು) ಮಾಡಿ ಮೂರನ್ನೂ ಸೇರಿಸಿದೆ. ಬರೆದದ್ದರಿಂದ ಹೊಸ ತೀರ್ಮಾನ ತೆಗೆಯುವ ರೀಸನರ್ ಓಡಿಸಿದರೆ ನಮ್ಮ ಮನೆಯೂ ಆಗುಂಬೆಯೂ ಒಂದೇ ಅನ್ನುತ್ತಿದೆ! ನಾನು ಹಾಗೆ ಎಲ್ಲೂ ಬರೆದಿಲ್ಲ. ಕ್ವೆರಿ ಕೊಟ್ಟರೆ ಒಂದೇ ದಿನಕ್ಕೆ ಮೂರು ಮಳೆ ಬರುತ್ತದೆ. ಮೂರು ರಾತ್ರಿ ಇದರಲ್ಲೇ ಹೋಯಿತು. ಯಾರಾದರೂ ದಾರಿ ತೋರಿಸಿ.

ಶರಾವತಿ ದಂಡೆ:
ಮೇಡಂ, ಒಂದು ದಿನದ ದಾಖಲೆ ಹೇಗೆ ಬರೆದಿದ್ದೀರಿ, ಹಾಗೇ ಹಾಕಿ. ‘ಫಂಕ್ಷನಲ್’ (ಒಂದಕ್ಕೆ ಒಂದೇ ಉತ್ತರ) ಅಂತ ಗುರುತು ಹಾಕಿದ ಪ್ರಾಪರ್ಟಿ (ಒಂದನ್ನು ಇನ್ನೊಂದಕ್ಕೆ ಜೋಡಿಸುವ ಸಂಬಂಧ) ಯಾವುದಾದರೂ ಇದೆಯಾ, ಅದನ್ನೂ ಹೇಳಿ.

ಹಾಳೆಟೋಪಿ:
ದಾಖಲೆಯ ಹೆಸರು ‘ಮಳೆ_2023_07_05’. ಅದಕ್ಕೆ ‘ಯಾವ ಮಾಪಕದ್ದು’, ‘ಎಷ್ಟು’ ಅಂತ ಎರಡು ಪ್ರಾಪರ್ಟಿ. ಮಾಪಕಕ್ಕೆ ‘ಇರುವ ಜಾಗ’. ಒಂದು ದಾಖಲೆಗೆ ಒಂದೇ ಮಾಪಕ, ಒಂದು ಮಾಪಕಕ್ಕೆ ಒಂದೇ ಜಾಗ ಅಲ್ವಾ, ಹಾಗಾಗಿ ‘ಯಾವ ಮಾಪಕದ್ದು’, ‘ಇರುವ ಜಾಗ’ ಎರಡನ್ನೂ ಫಂಕ್ಷನಲ್ ಮಾಡಿದ್ದೇನೆ.

ಶರಾವತಿ ದಂಡೆ:
ಸಿಕ್ಕಿತು. ಮೂರು ಕಡೆಯಿಂದ ಬಂದ ದಾಖಲೆಗೂ ನೀವು ತಾರೀಖಿನಿಂದಲೇ ಹೆಸರು ಕಟ್ಟಿದ್ದೀರಿ. ಅಂದರೆ ಜುಲೈ 5ರ ಡೈರಿ, ನಿಮ್ಮ ಅಂಗಳದ ಮಾಪಕ, ಆಗುಂಬೆ ಮೂರಕ್ಕೂ ಸೇರಿ ಇರುವುದು ಒಂದೇ ದಾಖಲೆ. ಅದಕ್ಕೆ ಮೂರು ಮಾಪಕ ಅಂಟಿಕೊಂಡಿವೆ. ನೀವೋ, ಒಂದು ದಾಖಲೆಗೆ ಒಂದೇ ಮಾಪಕ ಅಂದಿದ್ದೀರಿ. ರೀಸನರ್ ಇದನ್ನು ತಪ್ಪು ಅಂತ ಹೇಳುವುದಿಲ್ಲ. ‘ಹಾಗಾದರೆ ಈ ಮೂರು ಮಾಪಕ ಒಂದೇ ಇರಬೇಕು’ ಅನ್ನುತ್ತದೆ. ಮಾಪಕ ಒಂದೇ ಆದಮೇಲೆ ಜಾಗವೂ ಒಂದೇ. ಹೀಗೆ ಆಗುಂಬೆ ನಿಮ್ಮ ಅಂಗಳಕ್ಕೆ ಬಂತು.

ಎಕ್ಸೆಲ್‌ನಿಂದ ಬಂದವರಿಗೆ ಇಲ್ಲೇ ತೊಡಕು. ಪ್ರೊಟೆಜೆಯಲ್ಲಿ ಆಂಟಾಲಜಿ ಬರೆಯುವ ಭಾಷೆಯಾದ ಔಲ್‌ನಲ್ಲಿ ಎರಡು ಹೆಸರಿದ್ದರೆ ಎರಡು ವಸ್ತು ಅಂತ ಅಲ್ಲ. ನಮ್ಮ ಕಡೆ ರೇಷನ್ ಕಾರ್ಡಿನಲ್ಲಿ ವೆಂಕಟರಮಣ, ಮನೆಯಲ್ಲಿ ಪುಟ್ಟು. ಆಳು ಒಬ್ಬನೇ. ಬೇರೆ ಬೇರೆ ಅಂತ ನೀವಾಗಿ ಹೇಳುವವರೆಗೆ ಎರಡು ಹೆಸರು ಒಂದೇ ವಸ್ತುವಿನದ್ದೂ ಇರಬಹುದು ಎಂದೇ ಅದು ನೋಡುತ್ತದೆ. ಪ್ರೊಟೆಜೆಯಲ್ಲಿ ಹಳದಿ ಬಣ್ಣದಲ್ಲಿ ಬಂದ ಸಾಲಿನ ಪಕ್ಕದ ಪ್ರಶ್ನೆ ಚಿಹ್ನೆ ಒತ್ತಿ. ಯಾವ ಯಾವ ಸಾಲಿನಿಂದ ಆ ತೀರ್ಮಾನಕ್ಕೆ ಬಂತು ಅಂತ ತೋರಿಸುತ್ತದೆ.

ದಾಖಲೆಯ ಹೆಸರಿನಲ್ಲಿ ಮೂಲವನ್ನೂ ಸೇರಿಸಿ: ‘ಡೈರಿ_2023_07_05’, ‘ಅಂಗಳ_2023_07_05’. ಮೂರು ಮಾಪಕಗಳು ಬೇರೆ ಬೇರೆ ಅಂತಲೂ ಬರೆದುಬಿಡಿ. ಮುಂದೆ ಇದೇ ತಪ್ಪಾದರೆ ರೀಸನರ್ ಸುಮ್ನೆ ಜೋಡಿಸದೆ, ಹೊಂದುತ್ತಿಲ್ಲ ಅಂತ ಕೂಗುತ್ತದೆ. ‘ಪ್ರತಿ ದಾಖಲೆಗೆ ಒಂದೇ ಮಾಪಕ, ಒಂದೇ ಅಳತೆ ಇರಲೇಬೇಕು’ ಅಂತ ತಪಾಸಣೆ ಮಾಡಲು ಶ್ಯಾಕಲ್ ಅನ್ನುವ ನಿಯಮದ ಭಾಷೆ ಬಳಸಿ. ಅದು ಇರುವುದೇ ಆ ಕೆಲಸಕ್ಕೆ.

ಪ್ರಾಪರ್ಟಿಗಳನ್ನು ನೀವೇ ಹುಟ್ಟುಹಾಕುವ ಬದಲು ‘ಸೋಸಾ’ ನೋಡಿ. 2017ರಲ್ಲಿ ವೆಬ್ ಮಾನದಂಡ ರೂಪಿಸುವ ಸಂಸ್ಥೆ ಡಬ್ಲ್ಯು3ಸಿ ಒಪ್ಪಿದ ಪದಸಂಗ್ರಹ. ಯಾವ ಸಾಧನ ಅಳೆಯಿತು, ಯಾವ ವಿಧಾನದಲ್ಲಿ, ಎಷ್ಟು ಬಂತು ಎಲ್ಲದಕ್ಕೂ ಅದರಲ್ಲಿ ಜಾಗ ಇದೆ. ಮಳೆ ಬಿದ್ದ ಹೊತ್ತು ಬೇರೆ, ಅಳೆದು ಬರೆದ ಹೊತ್ತು ಬೇರೆ. ಇವೆರಡಕ್ಕೂ ಅದು ಬೇರೆ ಬೇರೆ ಪ್ರಾಪರ್ಟಿ ಕೊಟ್ಟಿದೆ. ನಿಮಗೆ ಇದು ಖಂಡಿತ ಬೇಕಾಗುತ್ತದೆ.

ಕೊಪ್ಪದ ಕಾಫಿತೋಟ:
ನಮ್ಮಲ್ಲೂ ಇಂಚು, ಸೆಂಟ್ಸ್ ಲೆಕ್ಕವೇ. ಒಂದು ಇಂಚಿಗೆ 100 ಸೆಂಟ್ಸ್, ಅಂದರೆ 25.4 ಮಿ.ಮೀ. ಡೈರಿಯಲ್ಲಿ ‘2-5’ ಅಂತ ಇದ್ದರೆ ಅದು 2 ಇಂಚು 5 ಸೆಂಟ್ಸ್, 2.05 ಇಂಚು. ಕಂಪ್ಯೂಟರಿಗೆ ಹಾಕುವಾಗ 2.5 ಅಂತ ಹಾಕಿದ್ದೀರಾ ಒಮ್ಮೆ ನೋಡಿ. ನಾನು ಐದು ವರ್ಷದ ಲೆಕ್ಕ ಹಾಗೇ ತಪ್ಪು ಹಾಕಿದ್ದೆ.

ಇನ್ನೊಂದು, ತಾರೀಖು. ಹವಾಮಾನ ಇಲಾಖೆಯ ಕ್ರಮದಲ್ಲಿ ಬೆಳಿಗ್ಗೆ 8:30ಕ್ಕೆ ಅಳೆಯುತ್ತಾರೆ. ಹಿಂದಿನ 24 ಗಂಟೆಯ ಮಳೆ ಆ ಅಳೆದ ದಿನದ ತಾರೀಖಿಗೆ ಬರುತ್ತದೆ. ನಿಮ್ಮ ಮನೆಯಲ್ಲಿ ಎಷ್ಟು ಹೊತ್ತಿಗೆ ಅಳೆಯುತ್ತಾರೆ, ಯಾವ ಪುಟದಲ್ಲಿ ಬರೆಯುತ್ತಾರೆ, ಕೇಳಿ.

ಹಾಳೆಟೋಪಿ:
ಇಬ್ಬರಿಗೂ ತುಂಬಾ ಧನ್ಯವಾದ. ಹೆಸರು ಬದಲಿಸಿದ ಕೂಡಲೇ ಆಗುಂಬೆ ತನ್ನ ಜಾಗಕ್ಕೆ ಹೋಯಿತು.

‘2-5’ ನೀವು ಹೇಳಿದ ಹಾಗೇ ಆಗಿದೆ. ನಾನು 63.5 ಮಿ.ಮೀ. ಅಂತ ಹಾಕಿದ್ದೆ. ಸರಿಯಾದ ಲೆಕ್ಕ 52.07. ಅದೇ ದಿನ ಅಂಗಳದ ಮಾಪಕದಲ್ಲಿ 51.8 ಇದೆ. ನೋಡಿ ಬಹಳ ಖುಷಿಯಾಯಿತು. ಅಪ್ಪಯ್ಯನಿಗೆ ತೋರಿಸಿದೆ.

ತಾರೀಖಿನ ವಿಷಯ ಕೇಳಿದೆ. ಅಪ್ಪಯ್ಯ ಬೆಳಿಗ್ಗೆ 7ಕ್ಕೆ ಅಳೆದು, ನಿನ್ನೆಯ ಮಳೆ ಅಂತ ನಿನ್ನೆಯ ಪುಟದಲ್ಲಿ ಬರೆಯುತ್ತಾರೆ. ಅಜ್ಜ ಅಳೆದ ದಿನದ ಪುಟದಲ್ಲೇ ಬರೆಯುತ್ತಿದ್ದರಂತೆ. 1994ರಲ್ಲಿ ಡೈರಿ ಅಪ್ಪಯ್ಯನ ಕೈಗೆ ಬಂದಿದೆ. ಒಂದೇ ಡೈರಿ, ಒಂದೇ ಮಾಪಕ, ತಾರೀಖಿನ ಅರ್ಥ ಮಾತ್ರ ಎರಡು! ಕೇಳದೇ ಇದ್ದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಅಂಗಳದ ಮಾಪಕದ ಗಡಿಯಾರ ಯುಟಿಸಿಯಲ್ಲಿದೆ (ಜಾಗತಿಕ ಪ್ರಮಾಣ ಸಮಯ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ). ನಾನು ಅದರ ಮಧ್ಯರಾತ್ರಿಯಿಂದ ಕೂಡಿಸುತ್ತಿದ್ದೆ, ಅಂದರೆ ನಮ್ಮ ಬೆಳಿಗ್ಗೆ 5:30ರಿಂದ. ಈಗ 7ರಿಂದ 7ಕ್ಕೆ ಕೂಡಿಸಿದ್ದೇನೆ.

ಶರಾವತಿ ದಂಡೆ:
ಹಾಗಾದರೆ ‘ಅಜ್ಜನ ಕ್ರಮ’, ‘ಅಪ್ಪಯ್ಯನ ಕ್ರಮ’ ಅಂತ ಎರಡು ವಿಧಾನ ಮಾಡಿ, ಆಯಾ ದಾಖಲೆಗೆ ಜೋಡಿಸಿ. ಡೈರಿಯಲ್ಲಿ ಇದ್ದದ್ದನ್ನು ಮಾತ್ರ ತಿದ್ದಬೇಡಿ. ಅದು ಇದ್ದ ಹಾಗೇ ಇರಲಿ, ಮಳೆ ಬಿದ್ದ ಹೊತ್ತನ್ನು ಪಕ್ಕದಲ್ಲಿ ಸೇರಿಸಿ. ನಾಳೆ ನಮ್ಮ ಊಹೆ ತಪ್ಪು ಅಂತಾದರೆ ವಾಪಸ್ ಬರಲು ದಾರಿ ಬೇಕು. ಅಜ್ಜನ ಕೈಬರಹದ ಆ ಲೆಕ್ಕ ಇನ್ನೊಮ್ಮೆ ಹುಟ್ಟುವುದಿಲ್ಲ.

ಹಾಳೆಟೋಪಿ:
ಇನ್ನೆರಡೇ ಕೇಳುತ್ತೇನೆ. ಅಜ್ಜನ ಕಾಲದ ಕೆಲವು ಕಡೆ ತಾರೀಖೇ ಇಲ್ಲ. ‘ಪುನರ್ವಸು ಕೊನೆ ಪಾದ, ಕೊಳೆ ಶುರು’ ಅಂತ ಅಷ್ಟೇ ಇದೆ. ಮತ್ತೆ ಕೆಲವು ಕಡೆ ಕೊಳೆ ಅಂತ ಬರೆಯದೆ ಬರೀ ‘ರೋಗ’ ಅಂತ ಇದೆ. ಅದನ್ನೂ ಕೊಳೆ ಅಂತಲೇ ಹಾಕಲಾ?

ಶರಾವತಿ ದಂಡೆ:
ಸೂರ್ಯ ಒಂದು ಮಳೆ ನಕ್ಷತ್ರ ದಾಟಲು 13ರಿಂದ 14 ದಿನ ಬೇಕು, ಪಾದಕ್ಕೆ ಮೂರು ಚಿಲ್ಲರೆ ದಿನ. ಆ ವರ್ಷದ ಪಂಚಾಂಗ ನೋಡಿ ಪಾದ ಶುರುವಾದ ದಿನ, ಮುಗಿದ ದಿನ ಎರಡನ್ನೂ ಹಾಕಿ. ಇದಕ್ಕೆ ‘ಔಲ್-ಟೈಮ್’ ಅನ್ನುವ ಪದಸಂಗ್ರಹ ಇದೆ, ಅವಧಿಯನ್ನು ಅವಧಿಯಾಗಿಯೇ ಬರೆಯಬಹುದು. ನಡುವಿನ ಒಂದು ದಿನ ಆರಿಸಿ ಕೂರಿಸಬೇಡಿ. ಅಜ್ಜ ಹೇಳದ ನಿಖರತೆ ನಾವು ಸೇರಿಸಿದ ಹಾಗಾಗುತ್ತದೆ.

‘ರೋಗ’ವನ್ನು ಕೊಳೆ ಅನ್ನಬೇಡಿ. ಎಲೆಚುಕ್ಕೆಯೂ ಇರಬಹುದು, ಅದು ಬೇರೆಯೇ ರೋಗ. ಪದಗಳ ನಡುವಿನ ಸಂಬಂಧ ಬರೆಯುವ ಸ್ಕಾಸ್‌ನಲ್ಲಿ ‘ಇದು ಅದಕ್ಕಿಂತ ಅಗಲವಾದ ಪದ’ ಅಂತ ಹೇಳುವ ಸಂಬಂಧ ಇದೆ, ಅದನ್ನು ಹಾಕಿ. ‘ಸೇಮ್‌ಆ್ಯಸ್’ (ಎರಡೂ ಒಂದೇ ಅನ್ನುವ ಸಂಬಂಧ) ಕಡೆ ಹೋಗಲೇಬೇಡಿ. ಅದನ್ನು ಹಾಕಿದರೆ ಒಂದರ ಬಗ್ಗೆ ಹೇಳಿದ್ದೆಲ್ಲ ಇನ್ನೊಂದಕ್ಕೂ ಅಂಟುತ್ತದೆ, ಮತ್ತೆ ಆಗುಂಬೆ ಕಥೆಯೇ.

ಕೊಪ್ಪದ ಕಾಫಿತೋಟ:
ಒಂದು ಮಾತು ಸೇರಿಸುತ್ತೇನೆ. ಡೈರಿಯಲ್ಲಿ ಖಾಲಿ ಬಿಟ್ಟ ದಿನಕ್ಕೆ ಸೊನ್ನೆ ಹಾಕಬೇಡಿ. ಮಳೆ ಇಲ್ಲದೆಯೂ ಖಾಲಿ ಇರಬಹುದು, ಮನೆಯವರು ಮದುವೆಗೆ ಹೋಗಿಯೂ ಖಾಲಿ ಇರಬಹುದು.

ಹಾಳೆಟೋಪಿ:
ಎಲ್ಲ ಹಾಗೇ ಮಾಡಿದೆ. ಈಗ ಒಂದು ದಿನಕ್ಕೆ ಒಂದೊಂದು ಮೂಲದಿಂದ ಒಂದೇ ಮಳೆ ಬರುತ್ತಿದೆ. ಆಗುಂಬೆಯಲ್ಲಿ ಜಾಸ್ತಿ ಸುರಿದ ದಿನವೂ ನಮ್ಮಲ್ಲಿ ಬಿಸಿಲು ಕಂಡದ್ದು ಬೇರೆ ಬೇರೆಯಾಗಿ ಕಾಣುತ್ತಿದೆ. ಖಾಲಿ ದಿನಗಳ ಪಟ್ಟಿ ಮಾಡಿ ಅಪ್ಪಯ್ಯನ ಮುಂದೆ ಇಟ್ಟಿದ್ದೇನೆ. ಒಂದೊಂದೇ ನೆನಪು ಮಾಡಿಕೊಂಡು ಹೇಳುತ್ತಿದ್ದಾರೆ. 1994ರಿಂದ ಶುರು ಮಾಡಿ 2001ರ ತನಕ ಬಂದಿದ್ದೇವೆ.